ಉಂಗುರದ ಚಿತ್ರಗಳು ಮತ್ತು ಕಪಾಟಿನ ಗೊಂಬೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

‘ದ ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರಸರಣಿಯ ಗೊಂಬೆ, ಪ್ರತಿಮೆ, ಉಂಗುರ ಮತ್ತು ಖಡ್ಗಗಳನ್ನು ಕೂಡಿಡಲು ಹೊರಟವರು ಮೊದಲ ಕೆಲವು ತಿಂಗಳಲ್ಲೇ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಒಂದು ವಸ್ತುವನ್ನು ಕೈಗೆತ್ತಿಕೊಂಡಾಗ ಅದರ ಬೆಲೆಯನ್ನು ಕೇಳುವ ಮೊದಲು ಅದನ್ನು ಮಾಡಿದವರು ಯಾರೆಂದು ಕೇಳಬೇಕು ಎಂಬುದು ಈ ಬರಹದ ನಿಲುವು. ಕೆಳಗಿನ ಬಹುಪಾಲು ಉತ್ತರಗಳು ಹೊರಡುವುದು ಅಲ್ಲಿಂದಲೇ.

ಈ ಸರಣಿಯಲ್ಲಿ ಯಾವ ಚಿತ್ರಗಳು ಸೇರುತ್ತವೆ?

ಪೀಟರ್ ಜಾಕ್ಸನ್ ನಿರ್ದೇಶಿಸಿದ ಆರು ಚಿತ್ರಗಳು ಸೇರುತ್ತವೆ. ‘ದ ಫೆಲೋಶಿಪ್ ಆಫ್ ದ ರಿಂಗ್’ (2001), ‘ದ ಟೂ ಟವರ್ಸ್’ (2002) ಮತ್ತು ‘ದ ರಿಟರ್ನ್ ಆಫ್ ದ ಕಿಂಗ್’ (2003) ಮೊದಲ ಮೂರು. 2012ರಿಂದ 2014ರವರೆಗೆ ವರ್ಷಕ್ಕೊಂದರಂತೆ ಬಂದ ‘ದ ಹಾಬಿಟ್’ನ ಮೂರು ಭಾಗಗಳು ನಂತರದವು. ಮೊದಲ ಮೂರು ಚಿತ್ರಗಳ ಮುಖ್ಯ ಚಿತ್ರೀಕರಣ 1999ರ ಅಕ್ಟೋಬರ್‌ನಿಂದ 2000ದ ಡಿಸೆಂಬರ್‌ವರೆಗೆ ನ್ಯೂಜಿಲೆಂಡಿನಲ್ಲಿ ಒಟ್ಟಿಗೇ ನಡೆಯಿತು. ಮೂರನೆಯದು ನಾಮನಿರ್ದೇಶನಗೊಂಡ ಹನ್ನೊಂದು ವಿಭಾಗಗಳಲ್ಲೂ ಆಸ್ಕರ್ ಗೆದ್ದುಕೊಂಡಿತು. ರಾಲ್ಫ್ ಬಕ್ಷಿಯವರ 1978ರ ಅನಿಮೇಷನ್ ಚಿತ್ರ, 2022ರಲ್ಲಿ ಆರಂಭವಾದ ‘ದ ರಿಂಗ್ಸ್ ಆಫ್ ಪವರ್’ ಧಾರಾವಾಹಿ ಮತ್ತು 2024ರ ‘ದ ವಾರ್ ಆಫ್ ದ ರೋಹಿರಿಮ್’ ಅನಿಮೇಷನ್ ಚಿತ್ರಗಳಿಗೂ ಗೊಂಬೆ–ಸ್ಮರಣಿಕೆಗಳ ಲೋಕದಲ್ಲಿ ಜಾಗವಿದೆ, ಆದರೆ ಸಂಗ್ರಾಹಕರು ಅವನ್ನು ಬೇರೆ ಸಾಲಿನಲ್ಲೇ ಇಡುತ್ತಾರೆ.

ಉಳಿದ ಚಿತ್ರಗಳ ಗೊಂಬೆಗಳಿಗಿಂತ ಇವುಗಳಲ್ಲಿ ಏನು ಹೆಚ್ಚು?

ಸಾಮಾನ್ಯವಾಗಿ ಚಿತ್ರದ ಗೊಂಬೆಗಳನ್ನು ಮಾಡುವ ಕಾರ್ಖಾನೆಗೂ ಚಿತ್ರವನ್ನು ಮಾಡಿದವರಿಗೂ ನಡುವೆ ಒಂದಿಷ್ಟು ಛಾಯಾಚಿತ್ರಗಳ ಕಡತ ಬಿಟ್ಟರೆ ಬೇರೆ ಸಂಬಂಧವಿರುವುದಿಲ್ಲ. ಇಲ್ಲಿ ಹಾಗಾಗಲಿಲ್ಲ. ವೆಲಿಂಗ್ಟನ್ ನಗರದ ಮಿರಾಮಾರ್ ಬಡಾವಣೆಯಲ್ಲಿರುವ, ರಿಚರ್ಡ್ ಟೇಲರ್ ಮುಂದಾಳತ್ವದ ವೆಟಾ ವರ್ಕ್‌ಶಾಪ್ ಈ ಚಿತ್ರಗಳಿಗಾಗಿ ಕವಚ, ಆಯುಧ, ಕೃತಕ ಅಂಗಗಳು ಮತ್ತು ಕಿರುಮಾದರಿಗಳೂ ಸೇರಿದಂತೆ ಸುಮಾರು 48,000 ಬಿಡಿ ವಸ್ತುಗಳನ್ನು ತಯಾರಿಸಿತು. ಸೈನಿಕರ ಸರಪಳಿ ಅಂಗಿಗಳಿಗಾಗಿ ಪ್ಲಾಸ್ಟಿಕ್ ಕೊಳವೆಯನ್ನು ಬಳೆಬಳೆಯಾಗಿ ಕತ್ತರಿಸಿ, ಸುಮಾರು 1.25 ಕೋಟಿ ಬಳೆಗಳನ್ನು ಕೈಯಿಂದಲೇ ಒಂದಕ್ಕೊಂದು ಕೋದದ್ದು ಇದೇ ಕಮ್ಮಟದಲ್ಲಿ. ಮೂಲ ಕಾದಂಬರಿಕಾರ ಟೋಲ್ಕಿನ್ ಅವರ ಕೃತಿಗಳಿಗೆ ದಶಕಗಳಿಂದ ಚಿತ್ರ ಬರೆಯುತ್ತಿದ್ದ ಅಲನ್ ಲೀ ಮತ್ತು ಜಾನ್ ಹೋವ್ ಅವರನ್ನು ವಿನ್ಯಾಸಕ್ಕೆಂದು ನ್ಯೂಜಿಲೆಂಡಿಗೆ ಕರೆಸಿಕೊಳ್ಳಲಾಗಿತ್ತು.

ಚಿತ್ರಗಳು ತೆರೆಕಂಡಾಗ ಇದೇ ಕಮ್ಮಟದ ಶಿಲ್ಪಿಗಳು ಅಮೆರಿಕದ ಸೈಡ್‌ಶೋ ಸಂಸ್ಥೆಯೊಂದಿಗೆ ಸೇರಿ ‘ಸೈಡ್‌ಶೋ ವೆಟಾ’ ಹೆಸರಿನಲ್ಲಿ ಪ್ರತಿಮೆಗಳನ್ನು ತಂದರು. ತೆರೆಯ ಮೇಲೆ ಓರ್ಕ್ (ಕಥೆಯ ವಿಕಾರರೂಪಿ ಶತ್ರು ಸೈನಿಕ) ಮುಖವಾಡವನ್ನು ಕಡೆದ ಕೈಯೇ ಕಪಾಟಿನ ಓರ್ಕ್ ಪ್ರತಿಮೆಯನ್ನೂ ಕಡೆದ ಉದಾಹರಣೆಗಳು ಹೀಗೆ ಹುಟ್ಟಿದವು. ಆ ಸಹಭಾಗಿತ್ವ ಮುಗಿದ ಬಳಿಕವೂ ವೆಟಾ ತನ್ನದೇ ಹೆಸರಿನಲ್ಲಿ ಪ್ರತಿಮೆಗಳನ್ನು ತಯಾರಿಸುತ್ತ ಬಂದಿದೆ. ಹಳೆಯ ಸಂಗ್ರಾಹಕರು ಈ ಸರಣಿಯ ಬಗ್ಗೆ ಮಾತನಾಡುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆ ಬೆರೆತಿದ್ದರೆ ಅದಕ್ಕೆ ಕಾರಣ ಇದು.

ಪೆಟ್ಟಿಗೆಯ ಮೇಲೆ ಅಷ್ಟೊಂದು ಸಂಸ್ಥೆಗಳ ಹೆಸರುಗಳಿರುವುದೇಕೆ?

ಹಕ್ಕುಗಳು ಹಂಚಿಹೋಗಿರುವುದರಿಂದ. ಜೆ. ಆರ್. ಆರ್. ಟೋಲ್ಕಿನ್ 1954–55ರಲ್ಲಿ ಪ್ರಕಟವಾದ ತಮ್ಮ ಕಾದಂಬರಿಯ ಚಲನಚಿತ್ರ ಮತ್ತು ಸರಕುಗಳ ಹಕ್ಕುಗಳನ್ನು 1969ರಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಗೆ ಮಾರಿದರು; 1976ರಲ್ಲಿ ಅವು ನಿರ್ಮಾಪಕ ಸಾಲ್ ಜೇಂಟ್ಸ್ ಅವರ ಕೈಸೇರಿದವು. ಅವರ ಸಂಸ್ಥೆಯ ಆ ವಿಭಾಗಕ್ಕೆ ಈಗ ಮಿಡಲ್-ಅರ್ತ್ ಎಂಟರ್‌ಪ್ರೈಸಸ್ ಎಂದು ಹೆಸರು, ಮತ್ತು 2022ರಲ್ಲಿ ಅದನ್ನು ಸ್ವೀಡನ್ನಿನ ಎಂಬ್ರೇಸರ್ ಸಮೂಹ ಕೊಂಡುಕೊಂಡಿತು. ಚಿತ್ರಗಳನ್ನು ನಿರ್ಮಿಸಿದ್ದು ನ್ಯೂ ಲೈನ್ ಸಿನಿಮಾ; 2008ರಲ್ಲಿ ಅದು ವಾರ್ನರ್ ಬ್ರದರ್ಸ್ ಒಳಗೆ ಸೇರಿಹೋಯಿತು. ಆದ್ದರಿಂದ ನಟ ಎಲೈಜಾ ವುಡ್ ಮುಖವಿರುವ, ಕಥಾನಾಯಕ ಫ್ರೋಡೋನ ಗೊಂಬೆಯ ಪೆಟ್ಟಿಗೆಯಲ್ಲಿ ತಯಾರಕರ ಹೆಸರಿನ ಜೊತೆಗೆ ನ್ಯೂ ಲೈನ್ ಹಾಗೂ ಮಿಡಲ್-ಅರ್ತ್ ಎಂಟರ್‌ಪ್ರೈಸಸ್ (ಹಳೆಯವಾದರೆ ಟೋಲ್ಕಿನ್ ಎಂಟರ್‌ಪ್ರೈಸಸ್) ಹೆಸರುಗಳೂ ಇರಬೇಕು.

ಈ ಹಕ್ಕುಗಳ ಎಲ್ಲೆ ಎಲ್ಲಿಯವರೆಗೆ ಎಂಬುದು ನ್ಯಾಯಾಲಯದ ಮೆಟ್ಟಿಲನ್ನೂ ಏರಿತ್ತು. ತಾವು ಕೊಟ್ಟದ್ದು ಪ್ರತಿಮೆ, ಊಟದ ಮೇಜಿನ ಸಾಮಾನು, ಬಟ್ಟೆ, ಲೇಖನ ಸಾಮಗ್ರಿಗಳಂತಹ ಕೈಗೆ ಸಿಗುವ ವಸ್ತುಗಳ ಹಕ್ಕನ್ನು ಮಾತ್ರ, ಅಂತರ್ಜಾಲದ ಜೂಜಿನ ಆಟಗಳಿಗೆ ಅದು ಅನ್ವಯಿಸದು ಎಂದು ವಾದಿಸಿ ಟೋಲ್ಕಿನ್ ಕುಟುಂಬದ ನ್ಯಾಸವು 2012ರಲ್ಲಿ 8 ಕೋಟಿ ಡಾಲರ್‌ಗಳ ದಾವೆ ಹೂಡಿತು. 2017ರಲ್ಲಿ ಅದು ರಾಜಿಯಲ್ಲಿ ಮುಗಿಯಿತು.

ಟೋಲ್ಕಿನ್ ಲೋಕದ ಹೆಸರಿರುವ ವಸ್ತುಗಳೆಲ್ಲ ಚಿತ್ರಕ್ಕೆ ಸೇರಿದವೇ?

ಅಲ್ಲ. ಕಾದಂಬರಿಯ ಆಧಾರದ ಮೇಲೆ ಬೇರೆಯೇ ಪರವಾನಗಿಯಲ್ಲಿ ತಯಾರಾದವು ಬಹಳಷ್ಟಿವೆ. ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಕಾರ್ಡ್ ಆಟದ 2023ರ ಎಲೆಗಳ (ಕಾರ್ಡ್‌ಗಳ) ಸಂಚಿಕೆಯಲ್ಲಿ ಚಿತ್ರದ ನಟರ ಮುಖಗಳಿಲ್ಲ; ಅದರಲ್ಲಿ ಜಗತ್ತಿಗೆಲ್ಲ ಒಂದೇ ಪ್ರತಿ ಅಚ್ಚಾದ ‘ಒಂದು ಉಂಗುರ’ದ (ಕಥೆಯಲ್ಲಿ ಎಲ್ಲರೂ ಹಂಬಲಿಸುವ ಮಾಯಾ ಉಂಗುರ) ಎಲೆಯನ್ನು ಗಾಯಕ ಪೋಸ್ಟ್ ಮಲೋನ್ ಇಪ್ಪತ್ತು ಲಕ್ಷ ಡಾಲರ್‌ಗಿಂತ ಕಡಿಮೆಯಿಲ್ಲದ ಬೆಲೆಗೆ ಕೊಂಡರೆಂದು ವರದಿಯಾಗಿದೆ. ಅದನ್ನು ಚಿತ್ರದ ಸ್ಮರಣಿಕೆ ಎನ್ನಲಾಗದು.

ಈ ಕಥೆಯ ಮೊದಲ ಗೊಂಬೆಗಳು 2001ರವೇ?

ಅದಕ್ಕೂ ಹಿಂದಿನವಿವೆ. ಬಕ್ಷಿಯವರ ಅನಿಮೇಷನ್ ಚಿತ್ರಕ್ಕಾಗಿ ನಿಕರ್‌ಬಾಕರ್ ಎಂಬ ಅಮೆರಿಕದ ಆಟಿಕೆ ಸಂಸ್ಥೆ 1979ರಲ್ಲಿ ಕೆಲವೇ ಪಾತ್ರಗಳ ಚಿಕ್ಕ ಗೊಂಬೆಗಳನ್ನೂ ಕುದುರೆಗಳನ್ನೂ ತಂದಿತ್ತು. ಅವು ಮಕ್ಕಳ ಕೈಯಲ್ಲಿ ಆಡಿ ಸವೆದುಹೋದ ವಸ್ತುಗಳಾದ್ದರಿಂದ ಪೆಟ್ಟಿಗೆಸಮೇತ ಸಿಗುವುದು ಅಪರೂಪ, ಸಿಕ್ಕರೂ ಬೆಲೆ ಹೆಚ್ಚು. ಚೆಲುವಿನ ದೃಷ್ಟಿಯಿಂದ ಅವುಗಳಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ ಎಂಬುದು ನನ್ನ ಅನಿಸಿಕೆ.

ಟಾಯ್ ಬಿಜ್ ಗೊಂಬೆಗಳ ಬಗ್ಗೆ ಇಷ್ಟು ಮಾತು ಏಕೆ?

2001ರಿಂದ ಕೆಲವು ವರ್ಷ ಮೊದಲ ಮೂರು ಚಿತ್ರಗಳ ಮುಖ್ಯ ಆಕ್ಷನ್ ಫಿಗರ್‌ಗಳನ್ನು ತಂದದ್ದು ಆಗ ಮಾರ್ವೆಲ್ ಒಡೆತನದಲ್ಲಿದ್ದ ಟಾಯ್ ಬಿಜ್. ಆರು ಅಂಗುಲದ ಅಳತೆ, ಧಾರಾಳವಾದ ಕೀಲುಗಳು ಮತ್ತು ನಟರ ಮುಖಗಳ ತ್ರಿವಿಮ ಸ್ಕ್ಯಾನ್‌ನಿಂದ ತೆಗೆದ ಹೋಲಿಕೆ ಇವುಗಳ ಹೆಗ್ಗಳಿಕೆ. ಮುಖ್ಯ ಪಾತ್ರಗಳ ಜೊತೆಗೆ ಕಥೆಯ ಅಂಚಿನಲ್ಲಿ ಬಂದುಹೋಗುವ ಎಷ್ಟೋ ಯೋಧರಿಗೂ ಓರ್ಕ್‌ಗಳಿಗೂ ಗೊಂಬೆಯಾಗುವ ಭಾಗ್ಯ ಸಿಕ್ಕಿದ್ದು ಇಲ್ಲಿ. ಒಂದೇ ಪಾತ್ರ ಬೇರೆ ಬೇರೆ ಉಡುಪಿನಲ್ಲಿ ಮತ್ತೆ ಮತ್ತೆ ಬಂದಿರುವುದರಿಂದ ‘ಅರಗಾರ್ನ್ ಬೇಕು’ ಎಂದು ಕೇಳುವವರು ಯಾವ ಅರಗಾರ್ನ್ ಎಂದು ಹೇಳಬೇಕಾಗುತ್ತದೆ. ಕೆಲವು ಗೊಂಬೆಗಳಲ್ಲಿ ಗುಂಡಿ ಒತ್ತಿದರೆ ತೋಳು ಬೀಸುವ, ಬಾಣ ಹಾರಿಸುವ ಯಂತ್ರವಿದೆ. ಮಕ್ಕಳಿಗೆ ಅದು ಮೋಜು, ಆದರೆ ಕಪಾಟಿನಲ್ಲಿ ನಿಲ್ಲಿಸುವವರಿಗೆ ತೋಳು ಬೇಕಾದ ಭಂಗಿಯಲ್ಲಿ ನಿಲ್ಲದ ಕಿರಿಕಿರಿ.

‘ದ ಹಾಬಿಟ್’ ಬಂದಾಗ ದ ಬ್ರಿಡ್ಜ್ ಡೈರೆಕ್ಟ್ ಸಂಸ್ಥೆ ಮೂರೂಮುಕ್ಕಾಲು ಮತ್ತು ಆರು ಅಂಗುಲದ ಗೊಂಬೆಗಳನ್ನು ಬಿಡುಗಡೆ ಮಾಡಿತಾದರೂ ಹದಿಮೂರು ಕುಳ್ಳರ ಬಳಗವನ್ನು ಪೂರ್ತಿಗೊಳಿಸಿಕೊಳ್ಳಲು ಹೊರಟ ಸಂಗ್ರಾಹಕರ ಸಹನೆಯನ್ನು ಅದು ಚೆನ್ನಾಗಿ ಪರೀಕ್ಷಿಸಿತು. ಇತ್ತೀಚೆಗೆ ಡೈಮಂಡ್ ಸೆಲೆಕ್ಟ್ ಸಂಸ್ಥೆ ತಂದ ಹಲವು ಗೊಂಬೆಗಳ ಪೆಟ್ಟಿಗೆಯಲ್ಲಿ ಕಥೆಯ ಖಳನಾಯಕ ಸೌರಾನ್‌ನ ಒಂದೊಂದು ಅಂಗ ಸಿಗುತ್ತದೆ. ಎಲ್ಲವನ್ನೂ ಕೊಂಡವರಿಗೆ ಮಾತ್ರ ಅವನು ಎದ್ದು ನಿಲ್ಲುತ್ತಾನೆ. ಮಾರಾಟದ ಜಾಣತನ ಇದರಲ್ಲಿ ಎದ್ದುಕಾಣುತ್ತದೆ ಎಂದು ಮುನಿಸಿಕೊಂಡವರೂ ಕೊನೆಗೆ ಸೌರಾನ್‌ನನ್ನು ಜೋಡಿಸಿಯೇ ತೀರುತ್ತಾರೆ.

1:6, 1:12 ಎಂದರೇನು? ಬೇರೆ ಬೇರೆ ಅಳತೆಯವನ್ನು ಒಟ್ಟಿಗೆ ಇಡಬಹುದೇ?

ಆರು ಅಡಿಯ ಮನುಷ್ಯ 1:6 ಅನುಪಾತದಲ್ಲಿ ಹನ್ನೆರಡು ಅಂಗುಲ, 1:12ರಲ್ಲಿ ಆರು ಅಂಗುಲ, 1:18ರಲ್ಲಿ ನಾಲ್ಕು ಅಂಗುಲವಾಗುತ್ತಾನೆ. ವೆಟಾದ ದೊಡ್ಡ ಪ್ರತಿಮೆಗಳೂ ಆಸ್ಮಸ್ ಟಾಯ್ಸ್‌ನ ಬಟ್ಟೆ ತೊಟ್ಟ ಗೊಂಬೆಗಳೂ ಸಾಮಾನ್ಯವಾಗಿ 1:6ರಲ್ಲಿರುತ್ತವೆ. ಬೇರೆ ಅನುಪಾತದವನ್ನು ಅಕ್ಕಪಕ್ಕ ಇಟ್ಟರೆ ಈ ಸರಣಿಯಲ್ಲಿ ಎಡವಟ್ಟು ಬೇಗ ಕಾಣುತ್ತದೆ, ಏಕೆಂದರೆ ಪಾತ್ರಗಳ ಎತ್ತರವೇ ಇಲ್ಲಿ ಕಥೆಯ ಭಾಗ; ಹಾಬಿಟ್‌ಗಳು ಮನುಷ್ಯರಿಗಿಂತ ಗಿಡ್ಡನೆಯ ಜನ. ಹಾಬಿಟ್‌ಗಿಂತ ಕುಳ್ಳಗಿನ ಮಾಂತ್ರಿಕ ಗ್ಯಾಂಡಾಲ್ಫ್ ಯಾರ ಕಣ್ಣಿಗೂ ಒಪ್ಪುವುದಿಲ್ಲ.

ಅಳತೆಯ ಈ ಆಟ ಚಿತ್ರೀಕರಣದಲ್ಲೂ ಇತ್ತು. ಗಿಮ್ಲಿಯ ಪಾತ್ರ ಮಾಡಿದ ಜಾನ್ ರೀಸ್-ಡೇವೀಸ್ ಆರು ಅಡಿ ದಾಟಿದ ಆಳು. ಅವರನ್ನೂ ಹಾಬಿಟ್‌ಗಳನ್ನೂ ಕುಳ್ಳಗೆ ತೋರಿಸಲು ಕ್ಯಾಮೆರಾದ ದೂರದ ತಂತ್ರ, ಗಿಡ್ಡ ಬದಲಿ ನಟರು ಮತ್ತು ಎರಡು ಅಳತೆಯಲ್ಲಿ ಕಟ್ಟಿದ ಬ್ಯಾಗ್ ಎಂಡ್ ಮನೆ ಬಳಕೆಯಾದವು. ಪರಿಕರಗಳನ್ನೂ ಎರಡೆರಡು ಅಳತೆಗಳಲ್ಲಿ ಮಾಡಬೇಕಾಯಿತು. ಹಾಗಾಗಿ ಚಿತ್ರದಲ್ಲಿ ಬಳಸಿದ ‘ನಿಜವಾದ ಅಳತೆ’ ಎಂದು ಯಾರಾದರೂ ಹೇಳಿಕೊಂಡರೆ, ಯಾವ ನಟನ ಕೈಯಲ್ಲಿದ್ದ ಅಳತೆ ಎಂಬ ಮರುಪ್ರಶ್ನೆ ಹಾಕುವುದು ತಪ್ಪಲ್ಲ.

ಪಾಲಿಸ್ಟೋನ್ ಪ್ರತಿಮೆ ಎಂದರೆ ಕಲ್ಲಿನದೇ?

ಪಾಲಿಯುರಿಥೇನ್ ರಾಳಕ್ಕೆ ಕಲ್ಲಿನ ಪುಡಿ ಬೆರೆಸಿ ಅಚ್ಚಿಗೆ ಹೊಯ್ದದ್ದನ್ನು ಹಾಗೆ ಕರೆಯುತ್ತಾರೆ. ಕೈಗೆ ತಣ್ಣಗೆ, ಭಾರವಾಗಿ ಸಿಗುತ್ತದೆ, ಸೂಕ್ಷ್ಮ ಕೆತ್ತನೆಯನ್ನು ಹಿಡಿದಿಡುತ್ತದೆ, ಕೆಳಗೆ ಬಿದ್ದರೆ ಪಿಂಗಾಣಿಯಂತೆ ಒಡೆಯುತ್ತದೆ. ಇಂಥ ಪ್ರತಿಮೆಗಳು ಸೀಮಿತ ಸಂಖ್ಯೆಯಲ್ಲಿ ತಯಾರಾಗಿದ್ದರೆ ಪೀಠದ ಅಡಿಯಲ್ಲಿ ‘ಇಷ್ಟರಲ್ಲಿ ಇಷ್ಟನೆಯದು’ ಎಂಬ ಅಂಕೆ ಇರುತ್ತದೆ. ಚಿಕ್ಕ ಅಂಕೆಯದಕ್ಕೆ ಹೆಚ್ಚು ಬೆಲೆ ಕೇಳುವವರಿದ್ದಾರೆ. ಅಚ್ಚು ಸವೆಯುವ ಮೊದಲು ಬಂದದ್ದು ಎಂಬ ಸಮರ್ಥನೆಯನ್ನೂ ಕೊಡುತ್ತಾರೆ. ಅಂಕೆ ಅಂಟಿಸುವುದು ಅಚ್ಚಿನಿಂದ ಹೊರಬಂದ ಕ್ರಮದಲ್ಲೇ ಎಂಬ ಖಾತರಿಯಿಲ್ಲದಿರುವುದರಿಂದ ಆ ಸಮರ್ಥನೆಗೆ ಹೆಚ್ಚು ತೂಕ ಕೊಡಬೇಕಿಲ್ಲ. ಒಟ್ಟು ಎಷ್ಟು ಪ್ರತಿಗಳಿವೆ ಎಂಬ ಅಂಕೆಯನ್ನು ಮಾತ್ರ ಗಮನಿಸಬೇಕು.

ಕಡಿಮೆ ಖರ್ಚಿನಲ್ಲಿ ಸೈಡ್‌ಶೋ ವೆಟಾದ ಕೆಲಸವನ್ನು ಕೊಳ್ಳುವ ದಾರಿ ಇದೆಯೇ?

ಇದೆ. ವಿಸ್ತೃತ ಆವೃತ್ತಿಯ ಡಿವಿಡಿಗಳ ಉಡುಗೊರೆ ಪೆಟ್ಟಿಗೆಗಳಲ್ಲಿ ಅವರದೇ ಕೆಲಸವಿತ್ತು: ಮೊದಲ ಚಿತ್ರಕ್ಕೆ ಅರ್ಗೊನಾಥ್‌ನ ಅರಸರ ರೂಪದ ಪುಸ್ತಕದ ಆನಿಕೆಗಳು, ಎರಡನೆಯದಕ್ಕೆ ಉಂಗುರದ ಹುಚ್ಚು ಹತ್ತಿದ ಗೊಲಮ್‌ನ ಪ್ರತಿಮೆ, ಮೂರನೆಯದಕ್ಕೆ ಮಿನಸ್ ತಿರಿತ್ ನಗರದ ರೂಪದ ಪೆಟ್ಟಿಗೆ. ಡಿವಿಡಿ ನೋಡುವವರು ಕಡಿಮೆಯಾದ ಈ ಕಾಲದಲ್ಲಿ ತಟ್ಟೆಗಳಿಲ್ಲದೆ ಬರೀ ಪ್ರತಿಮೆಗಳು ಹಳೆಯ ಸಾಮಾನಿನ ಮಾರಾಟದಲ್ಲಿ ಕಾಣಿಸಿಕೊಳ್ಳುತ್ತವೆ. ಹೊಸಬರಿಗೆ ನಾನು ಮೊದಲು ಸೂಚಿಸುವುದು ಆ ಗೊಲಮ್‌ನನ್ನೇ.

ಯಾವ ಉಂಗುರ ‘ಅಸಲಿ’?

ಅತಿ ಹೆಚ್ಚು ಕೇಳಲಾಗುವ, ಅತಿ ಹೆಚ್ಚು ಮೋಸವೂ ನಡೆಯುವ ವಿಷಯ ಇದು. ಚಿತ್ರದ ಉಂಗುರವನ್ನು ರೂಪಿಸಿದ್ದು ನ್ಯೂಜಿಲೆಂಡಿನ ನೆಲ್ಸನ್ ಪಟ್ಟಣದ ಅಕ್ಕಸಾಲಿಗ ಜೆನ್ಸ್ ಹ್ಯಾನ್ಸನ್. 1999ರಲ್ಲಿ ಅವರು ತೀರಿಕೊಂಡಾಗ ಚಿತ್ರೀಕರಣ ಆರಂಭವಾಗಿರಲಿಲ್ಲ. ಕೆಲಸವನ್ನು ಅವರ ಮಗ ಮುಗಿಸಿಕೊಟ್ಟರು. ಬೇರೆ ಬೇರೆ ನಟರ ಬೆರಳಿಗೆ, ಫ್ರೋಡೋನ ಕೊರಳ ಸರಪಳಿಗೆ, ಬೇರೆ ಬೇರೆ ದೃಶ್ಯಗಳಿಗೆ ಎಂದು ಸುಮಾರು ನಲವತ್ತು ಉಂಗುರಗಳು ತಯಾರಾದವು. ಗಾಳಿಯಲ್ಲಿ ತಿರುಗುತ್ತ ಬೀಳುವ ಉಂಗುರವನ್ನು ಹತ್ತಿರದಿಂದ ತೋರಿಸಲು ಮಾಡಿದ ಒಂದರ ವ್ಯಾಸ ಸುಮಾರು 20 ಸೆಂಟಿಮೀಟರ್. ಅದನ್ನು ತೊಡಲು ಬೆರಳಲ್ಲ, ತೋಳೇ ಬೇಕು. ಚಿತ್ರೀಕರಣ ಮುಗಿದ ಮೇಲೆ ಪೀಟರ್ ಜಾಕ್ಸನ್ ಒಂದು ಉಂಗುರವನ್ನು ಎಲೈಜಾ ವುಡ್‌ಗೂ ಇನ್ನೊಂದನ್ನು ಗೊಲಮ್ ಪಾತ್ರಧಾರಿ ಆ್ಯಂಡಿ ಸರ್ಕಿಸ್‌ಗೂ ಕೊಟ್ಟರು, ಮತ್ತು ಇರುವುದು ತನ್ನ ಬಳಿ ಮಾತ್ರ ಎಂದು ಇಬ್ಬರೂ ನಂಬಿದ್ದರು. ಕಥೆಗೆ ಇದಕ್ಕಿಂತ ಒಪ್ಪುವ ಉಡುಗೊರೆ ಇರಲಾರದು.

ಗಮನಿಸಬೇಕಾದ ಸಂಗತಿ ಏನೆಂದರೆ, ಈ ಉಂಗುರಗಳ ಮೇಲೆ ಬರಹವಿರಲಿಲ್ಲ. ಬೆಂಕಿಯಲ್ಲಿ ಹೊಳೆಯುವ, ಟೋಲ್ಕಿನ್ ಕಲ್ಪಿಸಿದ ತೆಂಗ್ವಾರ್ ಲಿಪಿಯ ಸಾಲನ್ನು ನಂತರ ಕಂಪ್ಯೂಟರ್ ನೆರವಿನಿಂದ ಸೇರಿಸಲಾಯಿತು. ಆದ್ದರಿಂದ ಬರಹ ಕೆತ್ತಿದ ಉಂಗುರವನ್ನು ‘ಚಿತ್ರದಲ್ಲಿ ಬಳಸಿದ ಉಂಗುರದ ಯಥಾಪ್ರತಿ’ ಎಂದು ಮಾರಿದರೆ ಆ ಮಾತು ಅಕ್ಷರಶಃ ಸರಿಯಲ್ಲ. ಹ್ಯಾನ್ಸನ್ ಅವರ ಅಂಗಡಿ ಇಂದಿಗೂ ಅದೇ ಆಕಾರದ ಉಂಗುರಗಳನ್ನು ಮಾಡಿಕೊಡುತ್ತದೆ. ನೋಬಲ್ ಕಲೆಕ್ಷನ್ ಸಂಸ್ಥೆ ಪರವಾನಗಿ ಪಡೆದು ಬರಹವಿರುವ ಉಂಗುರಗಳನ್ನು ಮಾರುತ್ತದೆ. ಮೊದಲನೆಯದು ಅದೇ ಮನೆತನದ ಕೆಲಸ, ಎರಡನೆಯದು ಪರವಾನಗಿ ಪಡೆದ ಸ್ಮರಣಿಕೆ. ಇವೆರಡರ ಹೊರಗೆ ಟಂಗ್‌ಸ್ಟನ್ ಅಥವಾ ಉಕ್ಕಿನ ಮೇಲೆ ಲೇಸರ್‌ನಿಂದ ಬರಹ ಮೂಡಿಸಿದ ಅಗ್ಗದ ಉಂಗುರಗಳಿಗೆ ಲೆಕ್ಕವಿಲ್ಲ. ಅವನ್ನು ತೊಡುವುದರಲ್ಲಿ ತಪ್ಪೇನೂ ಇಲ್ಲ, ಚಿನ್ನದ ಬೆಲೆ ತೆರಬಾರದು, ಅಷ್ಟೇ.

ಖಡ್ಗಗಳಿಂದ ಕಾದಾಡಬಹುದೇ?

ಖಂಡಿತ ಬೇಡ. ಚಿತ್ರದಲ್ಲೇ ಒಂದು ಖಡ್ಗಕ್ಕೆ ಹಲವು ರೂಪಗಳಿದ್ದವು. ಹತ್ತಿರದ ದೃಶ್ಯಗಳಿಗೆ ಪೀಟರ್ ಲಯನ್ ಎಂಬ ಖಡ್ಗಶಿಲ್ಪಿ ಸ್ಪ್ರಿಂಗ್ ಉಕ್ಕಿನಲ್ಲಿ ಮಾಡಿದವು, ಕಾದಾಟಕ್ಕೆ ಹಗುರವಾದ ಅಲ್ಯೂಮಿನಿಯಂನವು, ಬೀಳುವ ಹಾರುವ ಸಾಹಸಗಳಿಗೆ ಮೆತ್ತನೆಯ ಯುರಿಥೇನ್‌ನವು. ಯುನೈಟೆಡ್ ಕಟ್ಲರಿ ಸಂಸ್ಥೆಯ ಗ್ಲಾಮ್‌ಡ್ರಿಂಗ್, ಸ್ಟಿಂಗ್, ಆಂಡುರಿಲ್ ಮುಂತಾದ ಪ್ರತಿಕೃತಿಗಳು ತುಕ್ಕು ನಿರೋಧಕ ಉಕ್ಕಿನವು, ಗೋಡೆಗೆ ತೂಗುಹಾಕಲೆಂದೇ ಮಾಡಿದವು. ಅಷ್ಟು ಉದ್ದದ ಅಲಗಿಗೆ ಆ ಉಕ್ಕು ಪೆಡಸು. ಜೋರಾಗಿ ಬೀಸಿ ಹೊಡೆದರೆ ಅಲಗು ಹಿಡಿಯ ಬುಡದಲ್ಲಿ ಮುರಿದು ಹಾರಬಹುದು. ಬರಿಗೈಯಲ್ಲಿ ಮುಟ್ಟಿದ ಮೇಲೆ ಬೆವರಿನ ಕಲೆ ಉಳಿಯದಂತೆ ಒರೆಸಿ, ತೆಳುವಾಗಿ ಖನಿಜ ತೈಲ ಸವರಿಡಬೇಕು.

ಲೆಗೊ ಸೆಟ್‌ಗಳಲ್ಲಿ ಯಾವುವು ಮುಖ್ಯ?

ಎರಡು ಕಾಲಘಟ್ಟಗಳಿವೆ. 2012ರಲ್ಲಿ ಆರಂಭವಾದ ಮೊದಲ ಸಾಲಿನಲ್ಲಿ ಹೆಲ್ಮ್ಸ್ ಡೀಪ್ ಕಾಳಗ (1,368 ತುಣುಕು) ಮತ್ತು 2013ರ ಆರ್ಥಂಕ್ ಗೋಪುರ (2,359 ತುಣುಕು) ಹೆಸರುವಾಸಿಯಾದವು. ‘ದ ಹಾಬಿಟ್’ ಚಿತ್ರಗಳು ಮುಗಿಯುತ್ತಿದ್ದಂತೆ ಆ ಸಾಲು ನಿಂತುಹೋಯಿತು. ವರ್ಷಗಳ ಮೌನದ ಬಳಿಕ 2023ರಲ್ಲಿ 6,167 ತುಣುಕುಗಳ ರಿವೆಂಡೆಲ್, 2024ರಲ್ಲಿ 5,471 ತುಣುಕುಗಳ ಬರದ್-ದೂರ್ ಬಂದವು. ಇವು ಗುರಿಯಿಟ್ಟದ್ದು ಮೊದಲ ಚಿತ್ರಗಳನ್ನು ಬಾಲ್ಯದಲ್ಲಿ ನೋಡಿ ಈಗ ಸಂಪಾದಿಸುತ್ತಿರುವವರನ್ನು. ಬಿಡುಗಡೆಯ ಹೊತ್ತಿಗೆ ಅಮೆರಿಕದಲ್ಲಿ ರಿವೆಂಡೆಲ್ ಬೆಲೆ 499.99 ಡಾಲರ್ ಇತ್ತು. ಬರದ್-ದೂರ್ ಕಟ್ಟಿ ಮುಗಿದಾಗ ಸುಮಾರು 83 ಸೆಂಟಿಮೀಟರ್ ಎತ್ತರವಾಗುತ್ತದೆ. ಚಿತ್ರೀಕರಣಕ್ಕೆಂದು ವೆಟಾ ಕಟ್ಟಿದ ಅದೇ ಗೋಪುರದ ಕಿರುಮಾದರಿ 1:166 ಅನುಪಾತದ್ದಾಗಿದ್ದೂ ಆಳೆತ್ತರವನ್ನು ಎಷ್ಟೋ ಮೀರಿತ್ತು ಎಂಬುದನ್ನು ನೆನೆದರೆ ಕಪಾಟಿನ ಗೋಪುರ ತಕ್ಷಣ ಚಿಕ್ಕದಾಗಿಬಿಡುತ್ತದೆ.

ಹಳೆಯ ಸಾಲಿನ ಸೆಟ್ ಕೊಳ್ಳುವವರು ಮೊದಲು ಪರೀಕ್ಷಿಸಬೇಕಾದದ್ದು ಪುಟ್ಟ ಮನುಷ್ಯಾಕೃತಿಗಳನ್ನು, ಏಕೆಂದರೆ ಬೆಲೆಯ ದೊಡ್ಡ ಪಾಲು ಅವುಗಳದ್ದು. ಆ ವರ್ಷಗಳ ಕೆಂಗಂದು ಬಣ್ಣದ ತುಣುಕುಗಳು ಬಿಚ್ಚುವಾಗ ಬಿರುಕು ಬಿಡುತ್ತವೆ ಎಂಬುದು ಸಂಗ್ರಾಹಕರ ಸಾಮಾನ್ಯ ದೂರು. ಆದ್ದರಿಂದ ಅವನ್ನು ನಿಧಾನವಾಗಿ ಬಿಡಿಸಬೇಕು.

ಬಣ್ಣ ಹಚ್ಚುವ ಕಿರುಗೊಂಬೆಗಳು ಸಂಗ್ರಹದ ವಸ್ತುಗಳೇ?

ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ 2001ರಿಂದ ತರುತ್ತಿರುವ ಈ ಲೋಹದ ಮತ್ತು ಪ್ಲಾಸ್ಟಿಕ್ಕಿನ ಸೈನಿಕರು ಯುದ್ಧದಾಟಕ್ಕೆ ಮಾಡಿದವು. ಇಲ್ಲಿ ಕೊನೆಯ ಕೈ ನಿಮ್ಮದೇ. ಇನ್ನೊಬ್ಬರು ದಪ್ಪಗೆ ಬಣ್ಣ ಬಳಿದ ಹಳೆಯ ಲೋಹದ ಗೊಂಬೆ ಅಗ್ಗಕ್ಕೆ ಸಿಕ್ಕರೆ ಬಣ್ಣ ತೆಗೆದು ಹೊಸದಾಗಿ ಹಚ್ಚಬಹುದು; ರಾಳದ್ದಾದರೆ ಬಣ್ಣ ತೆಗೆಯುವ ದ್ರವ ಗೊಂಬೆಯನ್ನೇ ತಿನ್ನಬಹುದು.

ಅಂಚೆಚೀಟಿ, ನಾಣ್ಯ, ಲೋಟಗಳಂತಹ ಚಿಲ್ಲರೆ ವಸ್ತುಗಳಿಗೆ ಬೆಲೆ ಇದೆಯೇ?

ಹಣದ ಲೆಕ್ಕದಲ್ಲಿ ಕಡಿಮೆ, ಸ್ವಾರಸ್ಯದ ಲೆಕ್ಕದಲ್ಲಿ ಬಹಳ. ಒಂದು ದೇಶ ಈ ಚಿತ್ರಗಳನ್ನು ತನ್ನದೆಂದು ಎಷ್ಟರ ಮಟ್ಟಿಗೆ ಅಪ್ಪಿಕೊಂಡಿತ್ತು ಎಂಬುದಕ್ಕೆ ನ್ಯೂಜಿಲೆಂಡ್ ಅಂಚೆ ಇಲಾಖೆ ತಂದ ಅಂಚೆಚೀಟಿಗಳೂ 2003ರ ಸ್ಮರಣಾರ್ಥ ನಾಣ್ಯಗಳೂ ಸಾಕ್ಷಿ. 2001ರಲ್ಲಿ ಬರ್ಗರ್ ಕಿಂಗ್ ಊಟದೊಂದಿಗೆ ಮಾರಿದ, ಪೀಠದಲ್ಲಿ ದೀಪ ಬೆಳಗುವ ನಾಲ್ಕು ಗಾಜಿನ ಪಾನಪಾತ್ರೆಗಳು ಇಂದಿಗೂ ಸುಲಭವಾಗಿ ಸಿಗುತ್ತವೆ. ಅವುಗಳ ಪೀಠವನ್ನು ತೆರೆದು ನೋಡದೆ ಕೊಳ್ಳಬೇಡಿ. ನಾನು ಕೊಂಡ ಒಂದರಲ್ಲಿ ಹಳೆಯ ಬ್ಯಾಟರಿ ಸೋರಿ ತಗಡೆಲ್ಲ ಹಸಿರುಗಟ್ಟಿತ್ತು. ವಿನೆಗರ್ ಅದ್ದಿದ ಹತ್ತಿಯಿಂದ ಉಜ್ಜಿ ತೆಗೆದರೂ ದೀಪ ಮತ್ತೆ ಹತ್ತಲಿಲ್ಲ.

ನಕಲಿಯನ್ನು ಗುರುತಿಸುವುದು ಹೇಗೆ?

ಮೊದಲು ಮುಖ ನೋಡಿ. ನಕಲಿ ಮಾಡುವವರು ಅಸಲಿ ಗೊಂಬೆಯಿಂದಲೇ ಅಚ್ಚು ತೆಗೆಯುವುದರಿಂದ ರೂಪ ಒಂದಿಷ್ಟು ಕುಗ್ಗುತ್ತದೆ, ಕಣ್ಣಿನ ರೆಪ್ಪೆ, ಬಟ್ಟೆಯ ನೇಯ್ಗೆ, ಕೂದಲ ಎಳೆಗಳಂತಹ ಸೂಕ್ಷ್ಮಗಳು ಮಸುಕಾಗುತ್ತವೆ. ಕಣ್ಣಿನ ಬಣ್ಣ ಗುಡ್ಡೆಯ ಅಂಚು ದಾಟಿ ಚೆಲ್ಲಿರುತ್ತದೆ. ಅಚ್ಚಿನ ಎರಡು ಹೋಳು ಸೇರುವ ಗೆರೆ ಎದ್ದು ನಿಂತಿರುತ್ತದೆ. ಮೂಗಿಗೆ ಘಾಟು ಹೊಡೆಯುವ ಪ್ಲಾಸ್ಟಿಕ್ ವಾಸನೆಯೂ ಒಂದು ಸುಳಿವು, ಆದರೆ ಅದೊಂದನ್ನೇ ನಂಬಬಾರದು.

ಆಮೇಲೆ ಪೆಟ್ಟಿಗೆಯ ಹಿಂಬದಿಯ ಸಣ್ಣಕ್ಷರಗಳನ್ನು ಓದಿ. ಮೇಲೆ ಹೇಳಿದ ಹಕ್ಕುದಾರರ ಹೆಸರುಗಳಿಲ್ಲದಿದ್ದರೆ, ಅಥವಾ ಅವುಗಳ ಕಾಗುಣಿತ ತಪ್ಪಿದ್ದರೆ ಮುಂದೆ ನೋಡುವ ಅಗತ್ಯವಿಲ್ಲ. ಲೆಗೊ ಆದರೆ ತುಣುಕಿನ ಮೇಲೆದ್ದ ಪ್ರತಿ ದುಂಡನೆಯ ಗುಬ್ಬಿಯ ಮೇಲೂ ಸಂಸ್ಥೆಯ ಹೆಸರು ಉಬ್ಬಾಗಿ ಮೂಡಿರಬೇಕು. ಪ್ರತಿಮೆಯಾದರೆ ಪೀಠದ ಅಡಿಯ ಛಾಯಾಚಿತ್ರವನ್ನು ಮಾರುವವರಿಂದ ಕೇಳಿ ಪಡೆಯಿರಿ; ಅದನ್ನು ಕಳಿಸಲು ಹಿಂಜರಿಯುವವರೊಂದಿಗೆ ವ್ಯವಹಾರ ಬೇಡ. ಸೀಲು ಒಡೆಯದ ಪೆಟ್ಟಿಗೆಯೇ ಅಸಲಿತನದ ಪುರಾವೆ ಎಂದು ಭಾವಿಸಬಾರದು, ಏಕೆಂದರೆ ಹೊಸದಾಗಿ ಸೀಲು ಹಾಕುವುದು ಕಷ್ಟದ ಕೆಲಸವಲ್ಲ.

ಪೆಟ್ಟಿಗೆ ತೆರೆಯಬೇಕೇ, ಬೇಡವೇ?

ಮರುಮಾರಾಟದ ಬೆಲೆಗೆ ತೆರೆಯದಿರುವುದು ಒಳ್ಳೆಯದು. ಗೊಂಬೆಯ ಆರೋಗ್ಯಕ್ಕೆ ಹಾಗೆ ಹೇಳಲಾಗದು. ಮೃದುವಾದ ಪಿವಿಸಿ ಪ್ಲಾಸ್ಟಿಕ್ಕಿಗೆ ಬೆರೆಸಿದ ಮೆದುಕಾರಕ ರಾಸಾಯನಿಕ ಕಾಲಕ್ರಮದಲ್ಲಿ ಹೊರಗೆ ಜಿನುಗುತ್ತದೆ; ಗಾಳಿಯಾಡದ ಪೆಟ್ಟಿಗೆಯಲ್ಲಿ ಅದು ಮೇಲ್ಮೈಯಲ್ಲೇ ಕೂತು ಗೊಂಬೆ ಅಂಟಂಟಾಗುತ್ತದೆ. ಇಪ್ಪತ್ತು ವರ್ಷ ಮುಚ್ಚಿಟ್ಟ ಗೊಂಬೆಯ ಮೇಲಂಗಿ ಪಾರದರ್ಶಕ ಹೊದಿಕೆಗೆ ಅಂಟಿಕೊಂಡಿರುವುದು ಹೊಸ ಸಂಗತಿಯಲ್ಲ. ನನ್ನ ಮಟ್ಟಿಗೆ, ಶಿಲ್ಪಿಯ ಕೆಲಸವನ್ನು ಎಲ್ಲ ಬದಿಯಿಂದ ನೋಡಲಾಗದಿದ್ದರೆ ಅದನ್ನು ಕೊಂಡದ್ದೇಕೆ ಎಂಬ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಅಂಟಾದ, ಬಾಗಿದ, ಹಳದಿಯಾದ ಗೊಂಬೆಗಳನ್ನು ಸರಿಪಡಿಸಬಹುದೇ?

ಅಂಟಾದದ್ದನ್ನು ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯವಾದ ಸಾಬೂನಿನಿಂದ ಮೆಲ್ಲಗೆ ತೊಳೆದು, ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ಕೆಲವು ತಿಂಗಳ ನಂತರ ಅಂಟು ಮರಳಬಹುದು, ಆಗ ಮತ್ತೆ ತೊಳೆಯಬೇಕಾಗುತ್ತದೆ. ಸ್ಪಿರಿಟ್ ಅಥವಾ ಉಗುರುಬಣ್ಣ ತೆಗೆಯುವ ದ್ರವ ಮುಟ್ಟಿಸಿದರೆ ಬಣ್ಣವೇ ಎದ್ದುಬರುತ್ತದೆ. ಬಾಗಿದ ಪ್ಲಾಸ್ಟಿಕ್ ಖಡ್ಗ ಅಥವಾ ಕೋಲನ್ನು ಬಿಸಿನೀರಿನಲ್ಲಿ ಅರೆನಿಮಿಷ ಅದ್ದಿ, ನೇರ ಮಾಡಿ, ಹಾಗೆಯೇ ಹಿಡಿದು ತಣ್ಣೀರಿಗೆ ಇಳಿಸಿದರೆ ಆಕಾರ ನಿಲ್ಲುತ್ತದೆ. ಗ್ಯಾಂಡಾಲ್ಫ್‌ನ ಕೋಲು ಗ್ಯಾಂಡಾಲ್ಫ್‌ಗಿಂತ ಮೊದಲೇ ಬಾಗುವುದು ಈ ಹವ್ಯಾಸದ ಹಳೆಯ ತಮಾಷೆ.

ಹಳದಿಯಾಗುವುದು ಬಹುಮಟ್ಟಿಗೆ ಬಿಸಿಲಿನ ನೇರಳಾತೀತ ಕಿರಣಗಳಿಂದ. ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಅದನ್ನು ಬಿಳುಪಾಗಿಸುವ ವಿಧಾನವಿದೆಯಾದರೂ ಹಳದಿ ಮತ್ತೆ ಬರುವ ಸಾಧ್ಯತೆ ಇರುವುದರಿಂದ, ಕಪಾಟನ್ನು ಕಿಟಕಿಯಿಂದ ದೂರ ಸರಿಸುವುದೇ ಹೆಚ್ಚು ಫಲ ಕೊಡುತ್ತದೆ. ಧೂಳಿಗೆ ಮೇಕಪ್ ಕುಂಚದಂತಹ ಮೃದು ಕುಂಚ ಸಾಕು.

ಪ್ರತಿಮೆಯ ಬೆರಳು ಮುರಿದರೆ?

ಮುರಿದ ಚೂರುಗಳನ್ನು ಒಂದನ್ನೂ ಬಿಡದೆ ಆಯ್ದಿಡಿ. ತುಂಡು ಚಿಕ್ಕದಾಗಿದ್ದರೆ ಶೀಘ್ರ ಅಂಟು, ಭಾರ ಹೊರುವ ಭಾಗವಾದರೆ ಎರಡು ಕೊಳವೆಗಳ ಎಪಾಕ್ಸಿ. ದುರಸ್ತಿಯಾದ ಸಂಗತಿಯನ್ನು ಮಾರುವಾಗ ತಿಳಿಸಲೇಬೇಕು.

ಇವುಗಳ ಬೆಲೆ ಏರುತ್ತದೆಯೇ?

ಕೆಲವದರದು ಏರಿದೆ, ಬಹುಪಾಲಿನದು ಇಲ್ಲ. ಲಕ್ಷಗಟ್ಟಲೆ ಅಚ್ಚಾದ ಆಟಿಕೆ, ಎಲ್ಲರೂ ಜೋಪಾನವಾಗಿ ಎತ್ತಿಟ್ಟ ಆಟಿಕೆ ಅಪರೂಪವಾಗಲು ಕಾರಣವೇ ಇಲ್ಲ. 1979ರ ಗೊಂಬೆಗಳು ದುಬಾರಿಯಾದದ್ದು ಯಾರೂ ಅವನ್ನು ಎತ್ತಿಡದೆ ಹೋದದ್ದರಿಂದ. ಇನ್ನೊಂದು ಅಪಾಯ ಮರುತಯಾರಿಕೆ. ಒಂದು ಪಾತ್ರಕ್ಕೆ ಬೇಡಿಕೆಯಿದೆ ಎಂದು ಗೊತ್ತಾದೊಡನೆ ಹಕ್ಕುದಾರರು ಅದನ್ನೇ ಇನ್ನಷ್ಟು ಚೆನ್ನಾಗಿ ಮಾಡಿ ಮತ್ತೆ ಬಿಡುಗಡೆ ಮಾಡುತ್ತಾರೆ, ಹಳೆಯದರ ಬೆಲೆ ಕುಸಿಯುತ್ತದೆ. ಹೂಡಿಕೆಯೆಂದು ಇದಕ್ಕೆ ಕೈಹಾಕಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಚಿತ್ರೀಕರಣದಲ್ಲಿ ನಿಜವಾಗಿಯೂ ಬಳಕೆಯಾದ ಪರಿಕರಗಳ ಮಾತು ಬೇರೆ. ಅವು ಹರಾಜು ಸಂಸ್ಥೆಗಳ ಮೂಲಕ, ಯಾರ ಕೈಯಿಂದ ಯಾರ ಕೈಗೆ ಬಂತೆಂಬ ದಾಖಲೆಗಳೊಂದಿಗೆ ಮಾರಾಟವಾಗುತ್ತವೆ, ಮತ್ತು ಅಲ್ಲಿ ಕೊಳ್ಳುವವರು ವಸ್ತುವಿಗೆ ಕೊಡುವಷ್ಟೇ ಬೆಲೆಯನ್ನು ಆ ಕಾಗದಗಳಿಗೂ ಕೊಡುತ್ತಾರೆ.

ಚಿಕ್ಕ ಮಕ್ಕಳಿಗೆ ಕೊಡಬಹುದೇ?

ಆಟಿಕೆಯೆಂದು ಮಾರಿದವನ್ನು ಪೆಟ್ಟಿಗೆಯ ಮೇಲಿನ ವಯಸ್ಸಿನ ಸೂಚನೆ ನೋಡಿ ಕೊಡಬಹುದು. ರಾಳದ ಪ್ರತಿಮೆ, ಲೋಹದ ಕಿರುಗೊಂಬೆ ಮತ್ತು ಖಡ್ಗಗಳು ಆಟಿಕೆಗಳಲ್ಲ.

ಮನೆ ಬದಲಿಸುವಾಗ ಸಂಗ್ರಹವನ್ನು ಸಾಗಿಸುವುದು ಹೇಗೆ?

ಪ್ರತಿಮೆಗೆ ಅದರ ಮೂಲ ಥರ್ಮೋಕೋಲ್ ಅಚ್ಚಿಗಿಂತ ಒಳ್ಳೆಯ ಕವಚವಿಲ್ಲ. ಹೊರಗಿನ ಬಣ್ಣದ ಪೆಟ್ಟಿಗೆ ಹರಿದರೂ ಆ ಅಚ್ಚನ್ನು ಎಸೆಯಬಾರದು. ಅದು ಇಲ್ಲದಿದ್ದರೆ ಕಳಚಬಹುದಾದ ಖಡ್ಗ, ಕೋಲು, ಬಿಲ್ಲುಗಳನ್ನು ಮೊದಲು ತೆಗೆದು, ಬೇರೆ ಬೇರೆ ಪೊಟ್ಟಣಗಳಲ್ಲಿ ಹೆಸರು ಬರೆದಿಟ್ಟು, ಪ್ರತಿಮೆಯನ್ನು ಮೃದು ಬಟ್ಟೆಯಲ್ಲಿ ಸುತ್ತಿ ನೆಟ್ಟಗೆ ನಿಲ್ಲಿಸಿ ಕಟ್ಟಬೇಕು. ಗುಳ್ಳೆ ಪ್ಲಾಸ್ಟಿಕ್ಕನ್ನು ನೇರವಾಗಿ ಬಣ್ಣಕ್ಕೆ ತಾಗಿಸಿದರೆ ಬಿಸಿಯಲ್ಲಿ ಗುಳ್ಳೆಯ ಗುರುತು ಉಳಿಯುತ್ತದೆ. ಲೆಗೊ ಗೋಪುರಗಳನ್ನು ಅಂತಸ್ತು ಅಂತಸ್ತಾಗಿ ಬಿಡಿಸಿ ಒಂದೊಂದು ಚೀಲಕ್ಕೆ ಹಾಕಿ ಅಂಕೆ ಬರೆಯಿರಿ. ಕಟ್ಟುವ ಮೊದಲು ಪ್ರತಿ ವಸ್ತುವಿನ ನಾಲ್ಕು ಬದಿಯ ಮತ್ತು ಪೀಠದ ಅಡಿಯ ಛಾಯಾಚಿತ್ರ ತೆಗೆದಿಟ್ಟುಕೊಂಡರೆ, ದಾರಿಯಲ್ಲಿ ಮುರಿದದ್ದು ಯಾವುದು, ಮೊದಲೇ ಮುರಿದಿದ್ದದ್ದು ಯಾವುದು ಎಂಬ ವಾದಕ್ಕೆ ಜಾಗವಿರುವುದಿಲ್ಲ.